ಆಯಿಲ್ ಪಂಪ್ ಬದಲಿಸುವ ಮೊದಲು ಒತ್ತಡ ಅಳೆಯಿರಿ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮುನ್ನ ವಾಹನಗಳನ್ನು ಸಿದ್ಧಪಡಿಸಿಕೊಳ್ಳುವ ಬಗ್ಗೆ ಓದುಗರೊಬ್ಬರು ಬರೆದ ಪತ್ರವನ್ನು ಕಳೆದ ವಾರ ಇದೇ ಅಂಕಣದಲ್ಲಿ ಓದಿದೆ. ಬ್ರೇಕ್, ಟೈರ್, ವೈಪರ್‌ಗಳ ಬಗ್ಗೆ ಅವರು ಹೇಳಿರುವುದೆಲ್ಲ ಒಪ್ಪತಕ್ಕದ್ದೇ. ಆದರೆ ಒಂದು ಲಕ್ಷ ಕಿಲೋಮೀಟರ್ ದಾಟಿದ ಕಾರಿನಲ್ಲಿ ಆಯಿಲ್ ದೀಪ ಮಿನುಗಿದರೆ ಹಿಂದೆಮುಂದೆ ನೋಡದೆ, ಇಂಜಿನ್ನಿನ ಭಾಗಗಳಿಗೆ ಆಯಿಲ್ ನೂಕುವ ಆಯಿಲ್ ಪಂಪನ್ನೇ ಬದಲಿಸುವುದು ಲೇಸು ಎಂಬ ಅವರ ಸಲಹೆಯನ್ನು ಒಪ್ಪಲು ನನ್ನಿಂದಾಗದು. ಅಂಥದೇ ಮಾತು ಕೇಳಿ ಹಣವನ್ನೂ ಹಲವು ದಿನಗಳನ್ನೂ ಕಳೆದುಕೊಂಡವನು ನಾನು. ಪಂಪ್ ಬದಲಿಸಲೇಬಾರದು ಎಂಬುದು ನನ್ನ ವಾದವಲ್ಲ. ಆಯಿಲಿನ ಒತ್ತಡವನ್ನು ಗೇಜ್ (ಮುಳ್ಳಿನ ಮಾಪಕ) ಹಾಕಿ ಅಳೆಯದೆ ಪಂಪಿಗೆ ಕೈಹಾಕಬಾರದು ಎಂಬುದಷ್ಟೇ ನಾನು ಹೇಳಬೇಕಾಗಿರುವುದು.

ನಾನು ಮೆಕ್ಯಾನಿಕ್ ಅಲ್ಲ. ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿ ದುಡಿದು ನಿವೃತ್ತನಾದವನು. ತೋಟದ ಜೀಪು, ಟ್ರ್ಯಾಕ್ಟರ್‌ಗಳ ಲಾಗ್ ಪುಸ್ತಕ ಬರೆಯುವುದೂ ಸ್ಟೋರಿನಿಂದ ಬಿಡಿಭಾಗ ಕೊಡುವುದೂ ನನ್ನ ಪಾಲಿನ ಕೆಲಸವಾಗಿದ್ದವು. ಹಳೆಯ ಭಾಗವನ್ನು ತಂದೊಪ್ಪಿಸದೆ ಹೊಸದನ್ನು ಕೊಡಬಾರದೆಂಬ ಕಟ್ಟುನಿಟ್ಟು ಅಲ್ಲಿತ್ತು. ಆ ಅಭ್ಯಾಸ ನಿವೃತ್ತಿಯ ನಂತರವೂ ಬಿಡದಿದ್ದುದರಿಂದಲೇ ಈ ಪತ್ರ ಬರೆಯುವ ಸಂದರ್ಭ ಬಂದಿದೆ.

ನನ್ನಲ್ಲಿರುವುದು ತೋಟದವರು ಮಾರಿದಾಗ ಕೊಂಡ ಮಾರುತಿ ಜಿಪ್ಸಿ, 1.3 ಲೀಟರಿನ ಪೆಟ್ರೋಲ್ ಇಂಜಿನ್. ಒಂದು ಭಾನುವಾರ ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಘಾಟಿ ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ, ಆಯಿಲ್ ಕ್ಯಾನಿನ ಗುರುತಿರುವ ಕೆಂಪು ದೀಪ ಮಿನುಗತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಆರುತ್ತಿತ್ತು, ಕಾಲು ತೆಗೆದರೆ ಮತ್ತೆ ಮಿನುಗುತ್ತಿತ್ತು. ಡಿಪ್ ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯವರೆಗೂ ಇತ್ತು. ಗಾಡಿಯನ್ನು ಹಾಗೆಯೇ ನಿಧಾನವಾಗಿ ಮೂಡಿಗೆರೆಯವರೆಗೆ ಓಡಿಸಿಕೊಂಡು ಬಂದೆ. ಅದು ತಪ್ಪು, ಯಾಕೆಂಬುದನ್ನು ಮುಂದೆ ಬರೆದಿದ್ದೇನೆ. ಮೊದಲು ತೋರಿಸಿದ ಗ್ಯಾರೇಜಿನಲ್ಲಿ, ಆಯಿಲ್ ಒತ್ತಡ ಇಳಿದಾಗ ಈ ದೀಪ ಹೊತ್ತಿಸುವ ಸ್ವಿಚ್ ಕೆಟ್ಟಿದೆ ಎಂದು ಹೇಳಿ ಸ್ವಿಚ್ ಬದಲಿಸಿದರು. ಮರುದಿನವೇ ದೀಪ ಮತ್ತೆ ಕಾಣಿಸಿತು. ಚಿಕ್ಕಮಗಳೂರಿನ ಇನ್ನೊಂದು ಗ್ಯಾರೇಜಿನವರು ಇಂಜಿನ್ನಿನ ಸದ್ದನ್ನು ಅರೆಗಳಿಗೆ ಆಲಿಸಿ, ಗಾಡಿಗೆ ವಯಸ್ಸಾಗಿದೆ, ಪಂಪ್ ವೀಕ್ ಆಗಿದೆ ಎಂದು ತೀರ್ಮಾನಿಸಿದರು. ಐದು ದಿನ ಇಟ್ಟುಕೊಂಡು ಹೊಸ ಪಂಪ್ ಕೂರಿಸಿ, ಮೊದಲಿಗಿಂತ ಗಟ್ಟಿಯಾದ ಆಯಿಲ್ ತುಂಬಿ ಕಳಿಸಿದರು. ದೀಪ ಹತ್ತು ದಿನ ಸುಮ್ಮನಿತ್ತು. ಹನ್ನೊಂದನೆಯ ದಿನ ಆಲ್ದೂರಿನ ಬಳಿ ಏರಿನಲ್ಲಿ ಉರಿದದ್ದು, ಆಕ್ಸಿಲರೇಟರ್ ಒತ್ತಿದರೂ ಆರಲಿಲ್ಲ.

ಆಗ ಅಲ್ಲಿಯೇ ಇಂಜಿನ್ ನಿಲ್ಲಿಸಿ, ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಹಿರಿಯ ಮೆಕ್ಯಾನಿಕ್ ಒಬ್ಬರ ಶೆಡ್ಡಿಗೆ ತಲುಪಿಸಿದೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಅವರು ಮೊದಲು ಮಾಡಿದ ಕೆಲಸ, ಸ್ವಿಚ್ ಬಿಚ್ಚಿ ಅದೇ ತೂತಿಗೆ ಆಯಿಲ್ ಪ್ರೆಶರ್ ಗೇಜ್ ತಿರುಗಿಸಿದ್ದು. ಅದಕ್ಕೆ ಹಿಡಿದದ್ದು ಹತ್ತು ನಿಮಿಷ. ಇಂಜಿನ್ ಬಿಸಿಯಿದ್ದಾಗ ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುತ್ತಿರುವಾಗ, ಮುಳ್ಳು ಅರ್ಧ ಕೆ.ಜಿ.ಯ (ಚದರ ಸೆಂಟಿಮೀಟರಿಗೆ) ಆಸುಪಾಸಿನಲ್ಲಿತ್ತು. ಇಂಜಿನ್ನನ್ನು ನಿಮಿಷಕ್ಕೆ 3000 ಸುತ್ತಿಗೆ ಏರಿಸಿದಾಗ 3 ಕೆ.ಜಿ.ಯ ಹತ್ತಿರ ಹೋಗಬೇಕಾದ ಮುಳ್ಳು ಒಂದೂವರೆಗೆ ಏರಿ, ನಡುಗುತ್ತ ಕೆಳಗಿಳಿಯಿತು. ಅದನ್ನು ಕಂಡ ಕೂಡಲೇ ಇಂಜಿನ್ ನಿಲ್ಲಿಸಿ ಅವರು ಹೇಳಿದ್ದು ಇಷ್ಟೇ: ‘ಸರ್, ಪಂಪ್ ನೂಕುವುದಕ್ಕೆ ಕೆಳಗಿನಿಂದ ಆಯಿಲ್ಲೇ ಬರುತ್ತಿಲ್ಲ.’

ಚೇಂಬರ್ (ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ) ಇಳಿಸಿದಾಗ ಎಲ್ಲವೂ ಕಣ್ಣಿಗೆ ಕಂಡಿತು. ತೋಟದ ದಾರಿಯಲ್ಲಿ ಯಾವಾಗಲೋ ಕಲ್ಲು ತಾಗಿ ಚೇಂಬರಿನ ತಳ ಒಳಕ್ಕೆ ತಗ್ಗಾಗಿತ್ತು. ಪಂಪ್ ಆಯಿಲ್ ಎಳೆದುಕೊಳ್ಳುವ ಕೊಳವೆಯ ಬಾಯಲ್ಲಿ ಜಾಲರಿಯಿರುವ ಸ್ಟ್ರೈನರ್ ಇರುತ್ತದೆ; ಆ ತಗ್ಗು ಸರಿಯಾಗಿ ಅದರ ಕೆಳಗೇ ಇದ್ದುದರಿಂದ ಆಯಿಲ್ ಒಳಬರಲು ಉಳಿದ ಸಂದು ಬಹಳ ಕಿರಿದಾಗಿತ್ತು. ಅದು ಸಾಲದೆಂಬಂತೆ ಸ್ಟ್ರೈನರಿನ ಜಾಲರಿಗೆ, ಆಯಿಲ್ ಸೋರದಂತೆ ಅಂಚಿಗೆ ಹಚ್ಚುವ ಕೆಂಪು ಸಿಲಿಕಾನ್ ಪೇಸ್ಟಿನ ಎಳೆಗಳು ಅಂಟಿಕೊಂಡಿದ್ದವು. ಅವುಗಳಲ್ಲಿ ಕೆಲವು ಹಳೆಯವು, ಕಪ್ಪಾಗಿದ್ದವು, ಕೆಲವು ಹೊಸವು. ಪಂಪ್ ಬದಲಿಸಿದವರು ಚೇಂಬರಿನ ಅಂಚಿಗೆ ಧಾರಾಳವಾಗಿ ಪೇಸ್ಟ್ ಮೆತ್ತಿ ಬೋಲ್ಟ್ ಬಿಗಿದಾಗ, ಹೊರಗೆ ಹಿಂಡಿ ಬಂದಷ್ಟೇ ಪೇಸ್ಟ್ ಒಳಕ್ಕೂ ಹಿಂಡಿ ಹೋಗಿ, ಬಿಸಿ ಆಯಿಲಿನಲ್ಲಿ ಕಿತ್ತು ಜಾಲರಿ ಸೇರಿತ್ತು. ಈ ಇಂಜಿನ್ನಿನಲ್ಲಿ ಪಂಪ್ ತೆಗೆಯಬೇಕಾದರೆ ಚೇಂಬರನ್ನೂ ಸ್ಟ್ರೈನರನ್ನೂ ಬಿಚ್ಚಲೇಬೇಕು. ಅಂದರೆ ರೋಗದ ಮೂಲ ಆ ಗ್ಯಾರೇಜಿನವರ ಕೈಯಲ್ಲೇ ಇತ್ತು. ಅದನ್ನೊಮ್ಮೆ ಬೆಳಕಿಗೆ ಹಿಡಿದು ನೋಡದೆ ಹೊಸ ಪಂಪಿನ ಬಾಯಿಗೆ ಮತ್ತೆ ಕಟ್ಟಿಬಿಟ್ಟರು. ನನಗೆ ಇಂದಿಗೂ ಸಿಟ್ಟು ಬರುವುದು ಹಣ ಹೋದುದಕ್ಕಲ್ಲ, ಈ ಅಲಕ್ಷ್ಯಕ್ಕೆ.

ಗಟ್ಟಿ ಆಯಿಲ್ ಹಾಕಿದ್ದರಿಂದಲೇ ಹತ್ತು ದಿನ ದೀಪ ಆರಿತ್ತು ಎಂಬುದೂ ಆಗ ತಿಳಿಯಿತು. ಆ ದೀಪದ ಸ್ವಿಚ್ ಸಾಮಾನ್ಯವಾಗಿ 0.3ರಿಂದ 0.5 ಕೆ.ಜಿ. ಒತ್ತಡದ ಕೆಳಗೆ ಮಾತ್ರ ದೀಪ ಹೊತ್ತಿಸುತ್ತದೆ. ಆದ್ದರಿಂದ ದೀಪ ಆರಿದೆ ಎಂದರೆ ಒತ್ತಡ ಸರಿಯಾಗಿದೆ ಎಂದಲ್ಲ, ಪೂರ್ತಿ ಹೋಗಿಲ್ಲ ಎಂದಷ್ಟೇ ಅರ್ಥ. ಅದು ಆಯಿಲಿನ ಮಟ್ಟವನ್ನು ತೋರಿಸುವ ದೀಪವೂ ಅಲ್ಲ. ಈ ಎರಡು ಸಂಗತಿ ತಿಳಿಯದವರು ಡ್ರೈವಿಂಗ್ ಲೈಸೆನ್ಸ್ ಇರುವವರಲ್ಲಿಯೂ ಬಹಳ ಮಂದಿ ಇದ್ದಾರೆ.

ಪಂಪ್ ಒತ್ತಡವನ್ನು ಉಂಟುಮಾಡುತ್ತದೆ ಎಂಬ ನಂಬಿಕೆಯೇ ಈ ಅವಾಂತರಕ್ಕೆಲ್ಲ ಮೂಲವೆಂದು ನನಗನಿಸುತ್ತದೆ. ಪಂಪ್ ಆಯಿಲನ್ನು ನೂಕುತ್ತದೆ. ನೂಕಿದ ಆಯಿಲ್ ಕ್ರ್ಯಾಂಕಿನ (ಇಂಜಿನ್ನಿನ ಮುಖ್ಯ ತಿರುಗುವ ದಂಡದ) ಬೇರಿಂಗುಗಳ ಕೂದಲೆಳೆಯಷ್ಟು ಸಂದುಗಳಲ್ಲಿ ನುಸುಳಲು ಪಡುವ ಕಷ್ಟದಿಂದ ಒತ್ತಡ ಹುಟ್ಟುತ್ತದೆ. ಕಾಫಿಗೆ ಹೂ ಬರಿಸಲು ಫೆಬ್ರುವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಾಕುವ ನಮ್ಮ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೆಟ್ ಎತ್ತರಕ್ಕೆ ಹಾರದಿದ್ದರೆ ಯಾರೂ ಮೊದಲು ಪಂಪ್‌ಸೆಟ್ ಬದಲಿಸಲು ಹೊರಡುವುದಿಲ್ಲ. ಕೆರೆಯಲ್ಲಿ ನೀರಿದೆಯೇ, ಫುಟ್ ವಾಲ್ವಿನ ಜಾಲರಿಗೆ ಎಲೆ ಕಟ್ಟಿದೆಯೇ, ಸಕ್ಷನ್ ಪೈಪ್ ಎಲ್ಲಾದರೂ ಗಾಳಿ ಎಳೆಯುತ್ತಿದೆಯೇ, ಲೈನಿನ ಜಾಯಿಂಟುಗಳಲ್ಲಿ ನೀರು ಸೋರುತ್ತಿದೆಯೇ, ಜೆಟ್ಟಿನ ತೂತು ಸವೆದು ದೊಡ್ಡದಾಗಿದೆಯೇ ಎಂದೆಲ್ಲ ನೋಡಿದ ಮೇಲೆಯೇ ಪಂಪಿನ ಬಳಿ ಹೋಗುತ್ತಾರೆ. ಇಂಜಿನ್ನಿನಲ್ಲಿ ಕೆರೆ ಎಂದರೆ ಚೇಂಬರ್, ಫುಟ್ ವಾಲ್ವಿನ ಜಾಲರಿ ಎಂದರೆ ಸ್ಟ್ರೈನರ್, ಸವೆದ ಜೆಟ್ ಎಂದರೆ ಸವೆದ ಬೇರಿಂಗ್. ಹತ್ತು ಎಚ್.ಪಿ. ಮೋಟಾರಿನ ವಿಷಯದಲ್ಲಿ ಇಷ್ಟು ವಿವೇಕದಿಂದ ನಡೆದುಕೊಳ್ಳುವ ನಾವು ಕಾರಿನ ವಿಷಯದಲ್ಲಿ ಮಾತ್ರ ಗ್ಯಾರೇಜಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತೇವೆ.

ಗೇಜಿನ ಮುಳ್ಳನ್ನು ಓದಲು ಬಲ್ಲವರಿಗೆ ಅದು ಬಹಳಷ್ಟು ಹೇಳುತ್ತದೆ. ಬಿಸಿ ಇಂಜಿನ್ನಿನ ಐಡ್ಲಿಂಗಿನಲ್ಲಿ ಒತ್ತಡ ಕಡಿಮೆ ಇದ್ದು, ವೇಗ ಹೆಚ್ಚಿಸಿದಂತೆಲ್ಲ ಏರುತ್ತ ಹೋದರೆ ಬೇರಿಂಗಿನ ಸವಕಳಿಯ ಮೇಲೆ ಅನುಮಾನ ಪಡಬೇಕು. ಏರಿಸಿದಾಗ ನಡುಗಿ ಕುಸಿದರೆ ಜಾಲರಿ ಕಟ್ಟಿದೆ ಅಥವಾ ಪಂಪ್ ಗಾಳಿ ಎಳೆಯುತ್ತಿದೆ ಎಂಬ ಕಡೆಗೆ ಬೊಟ್ಟು ಮಾಡುತ್ತದೆ. ಎಲ್ಲ ವೇಗದಲ್ಲಿಯೂ ಒಂದೇ ಸಮನೆ ಕಡಿಮೆಯಿದ್ದರೆ ಒತ್ತಡ ಅತಿಯಾದಾಗ ಆಯಿಲನ್ನು ಹಿಂದಕ್ಕೆ ಬಿಡುವ ರಿಲೀಫ್ ವಾಲ್ವ್ ತೆರೆದುಕೊಂಡೇ ಸಿಕ್ಕಿಕೊಂಡಿರಬಹುದು, ಇಲ್ಲವೇ ಪಂಪ್ ನಿಜಕ್ಕೂ ಸವೆದಿರಬಹುದು. ಇವು ದಿಕ್ಕು ತೋರಿಸುವ ಗುರುತುಗಳೇ ಹೊರತು ತೀರ್ಪುಗಳಲ್ಲ ಎಂಬುದನ್ನೂ ಹೇಳಬೇಕು. ಇನ್ನು ಒತ್ತಡ ಸರಿಯಿದ್ದೂ ದೀಪ ಉರಿಯುತ್ತಿದ್ದರೆ ಆಗ ಸ್ವಿಚ್ ಬದಲಿಸಲಿ, ಅದಕ್ಕೆ ನನ್ನ ತಕರಾರಿಲ್ಲ.

ಗೇಜ್ ಹಾಕುವುದಕ್ಕೂ ಮೊದಲು ನೋಡಬೇಕಾದದ್ದು ಡಿಪ್ ಸ್ಟಿಕ್ಕನ್ನು. ಮಟ್ಟವಷ್ಟೇ ಅಲ್ಲ, ಆಯಿಲ್ ಹೇಗಿದೆ ಎಂಬುದನ್ನೂ ನೋಡಬೇಕು. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ತೆಳುವಾಗಿದೆ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮನೆಯಿಂದ ಪೇಟೆಗೆ ಎರಡು, ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಗಳ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆವಿಯಾಗದೆ ಆಯಿಲಿನಲ್ಲೇ ಉಳಿದು ಕ್ರಮೇಣ ಕೆಸರು ಕಟ್ಟುತ್ತದೆ, ಆ ಕೆಸರು ಕೊನೆಗೆ ಜಾಲರಿಗೆ ಬರುತ್ತದೆ. ಆದ್ದರಿಂದ ಕಡಿಮೆ ಓಡಿಸುವವರು ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ವರ್ಷಕ್ಕೊಮ್ಮೆಯಾದರೂ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಬೇಕು. ಮಟ್ಟ ಕಡಿಮೆಯಿದ್ದಾಗ ಮುಳ್ಳಯ್ಯನಗಿರಿಯಂಥ ಕಡಿದಾದ ಏರಿನಲ್ಲಿ ಆಯಿಲೆಲ್ಲ ಚೇಂಬರಿನ ಒಂದು ಕಡೆಗೆ ಸರಿದು ಸ್ಟ್ರೈನರ್ ಬತ್ತಿ ದೀಪ ಉರಿಯುವುದುಂಟು. ಅಲ್ಲಿ ಪಂಪಿನ ತಪ್ಪೇನೂ ಇರುವುದಿಲ್ಲ.

ಪಂಪನ್ನೇ ಪರೀಕ್ಷಿಸಬೇಕಾಗಿ ಬಂದಾಗಲೂ ಅದಕ್ಕೊಂದು ಅಳತೆಯಿದೆ. ಈಗಿನ ಅನೇಕ ಪೆಟ್ರೋಲ್ ಕಾರುಗಳ ಪಂಪಿನೊಳಗೆ ಒಂದರೊಳಗೊಂದು ತಿರುಗುವ ಎರಡು ರೋಟರುಗಳಿರುತ್ತವೆ. ಒಳಗಿನದಕ್ಕಿಂತ ಹೊರಗಿನದಕ್ಕೆ ಒಂದು ಹಲ್ಲು ಹೆಚ್ಚು. ಹೊರಗಿನ ರೋಟರಿಗೂ ಕವಚಕ್ಕೂ ನಡುವೆ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಪಟ್ಟಿ) ತೂರಿಸಿ ಸಂದನ್ನು ಅಳೆಯಬೇಕು. ಬಳಿಕ ಕವಚದ ಮುಖಕ್ಕೆ ಅಡ್ಡವಾಗಿ ಉಕ್ಕಿನ ನೇರಪಟ್ಟಿ ಇಟ್ಟು, ಅದಕ್ಕೂ ರೋಟರುಗಳಿಗೂ ಇರುವ ಸಂದನ್ನು ಅಳೆಯಬೇಕು. ನನ್ನ ಗಾಡಿಯ ಕೈಪಿಡಿಯ ಪ್ರಕಾರ ಮೊದಲನೆಯದು 0.31 ಮಿ.ಮೀ. ಮೀರಬಾರದು, ಎರಡನೆಯದು 0.15 ಮಿ.ಮೀ. ಮೀರಬಾರದು. ಬೇರೆ ಇಂಜಿನ್ನುಗಳಿಗೆ ಅವುಗಳದೇ ಅಂಕಿಗಳಿರುತ್ತವೆ. ಕವಚದ ಮುಖದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿವೆಯೇ, ರಿಲೀಫ್ ವಾಲ್ವಿನ ಪಿಸ್ಟನ್ ತನ್ನ ತೂತಿನಲ್ಲಿ ತಡೆಯಿಲ್ಲದೆ ಜಾರುತ್ತದೆಯೇ, ಅದರ ಸ್ಪ್ರಿಂಗ್ ಕುಗ್ಗಿದೆಯೇ ಎಂಬುದನ್ನೂ ಆಗಲೇ ನೋಡಬೇಕು. ಇಷ್ಟೂ ಕೆಲಸಕ್ಕೆ ಬೇಕಾದ ಉಪಕರಣಗಳು ಒಂದು ಡಬ್ಬಿಯಲ್ಲಿ ಹಿಡಿಯುತ್ತವೆ.

ಆ ಹಿರಿಯರು ನನ್ನ ಕೋರಿಕೆಯ ಮೇರೆಗೆ ಎರಡೂ ಪಂಪುಗಳನ್ನು ನನ್ನ ಎದುರಿನಲ್ಲೇ ಅಳೆದರು. ಗೋಣಿಚೀಲದಲ್ಲಿ ಸುತ್ತಿ ತಂದಿದ್ದ ನನ್ನ ಹಳೆಯ ಪಂಪಿನ ಹೊರ ಸಂದು 0.2 ಮಿ.ಮೀ. ಇತ್ತು. ಹತ್ತು ದಿನದ ಹಿಂದೆ ಕೂರಿಸಿದ, ಡಬ್ಬಿಯ ಮೇಲೆ ತಯಾರಕರ ಹೆಸರೇ ಇಲ್ಲದ ಹೊಸ ಪಂಪಿನದು 0.25 ಮಿ.ಮೀ. ಎರಡೂ ಮಿತಿಯೊಳಗೇ ಇದ್ದವು ನಿಜ. ಆದರೆ ಹೊಸದಕ್ಕಿಂತ ಹಳೆಯದೇ ಬಿಗಿಯಾಗಿತ್ತು. ಹಳೆಯದರ ಮುಖದಲ್ಲಿ ಗೀರಿರಲಿಲ್ಲ, ವಾಲ್ವ್ ಸಲೀಸಾಗಿ ಜಾರುತ್ತಿತ್ತು. ಕೊನೆಗೆ ಹಳೆಯ ಪಂಪನ್ನೇ ತೊಳೆದು ಕೂರಿಸಿದೆವು. ಚೇಂಬರಿನ ತಗ್ಗನ್ನು ತಟ್ಟಿ ಸರಿಪಡಿಸಿ, ಜಾಲರಿಯನ್ನು ಸ್ವಚ್ಛಗೊಳಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲ್ ಹಾಕಿ ಮತ್ತೆ ಗೇಜ್ ನೋಡಿದಾಗ 3000 ಸುತ್ತಿನಲ್ಲಿ ಮುಳ್ಳು ಮೂರರ ಮೇಲೆ ಅಲುಗದೆ ನಿಂತಿತು.

ಕೂರಿಸುವಾಗ ಅವರು ವಹಿಸಿದ ಎಚ್ಚರವನ್ನು ಇಲ್ಲಿ ಬರೆಯುವುದು ಉಚಿತವೆಂದು ಭಾವಿಸುತ್ತೇನೆ, ಯಾಕೆಂದರೆ ಒಳ್ಳೆಯ ಪಂಪೂ ಕೆಟ್ಟ ಜೋಡಣೆಯಿಂದ ಹಾಳಾಗುತ್ತದೆ. ಸ್ಟ್ರೈನರಿನ ಕೊಳವೆ ಪಂಪಿಗೆ ಸೇರುವಲ್ಲಿರುವ ರಬ್ಬರ್ ಒ-ರಿಂಗನ್ನು ಹೊಸದು ಹಾಕಿದರು. ಹಳೆಯದು ಚಪ್ಪಟೆಯಾಗಿದ್ದರೆ ಪಂಪ್ ಅಲ್ಲಿಂದ ಗಾಳಿ ಎಳೆಯುತ್ತದೆ. ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್ ಈ ಪಂಪಿನ ಕವಚದಲ್ಲೇ ಇರುವುದರಿಂದ ಅದನ್ನೂ ಬದಲಿಸಿ, ಅದರ ತುಟಿ ಮಡಚಿಕೊಳ್ಳದಂತೆ ಗ್ರೀಸ್ ಸವರಿ ಕ್ರ್ಯಾಂಕಿನ ತುದಿಗೆ ಮೆಲ್ಲಗೆ ಏರಿಸಿದರು. ಟೈಮಿಂಗ್ ಬೆಲ್ಟ್ ಹೇಗೂ ಕಳಚಿದ್ದರಿಂದ ಹೊಸ ಬೆಲ್ಟನ್ನೇ ಹಾಕಿದೆವು. ಅಲ್ಯೂಮಿನಿಯಂ ಕವಚಕ್ಕೆ ಬರುವ 6 ಮಿ.ಮೀ. ಬೋಲ್ಟುಗಳು ಸುಮಾರು 10 ನ್ಯೂಟನ್ ಮೀಟರ್ ಬಿಗಿತವನ್ನಷ್ಟೇ ತಡೆಯುತ್ತವೆ. ಅವನ್ನು ಮೈಬಲವೆಲ್ಲ ಹಾಕಿ ತಿರುಗಿಸಿದರೆ ತೂತಿನೊಳಗಿನ ಮರೆ (ತಿರುಪಿನ ಸುತ್ತು) ಕಿತ್ತು ಬರುತ್ತದೆ. ಚೇಂಬರಿನ ಅಂಚಿಗೆ ಸಣ್ಣ ಎಳೆಯಷ್ಟೇ ಪೇಸ್ಟ್. ಎಲ್ಲಕ್ಕಿಂತ ಮುಖ್ಯವಾಗಿ, ರೋಟರುಗಳ ನಡುವೆ ಮೊದಲೇ ಆಯಿಲ್ ತುಂಬಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ಎರಡನ್ನೂ ತಪ್ಪಿಸಿ, ಗೇಜಿನ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದ ಇಂಜಿನ್ ತಿರುಗಿಸಿದರು. ಒಣ ಪಂಪ್ ಆಯಿಲನ್ನು ಎಳೆದುಕೊಳ್ಳಲು ತಡಮಾಡುತ್ತದೆ. ಆ ವೇಳೆಯಲ್ಲಿ ಇಂಜಿನ್ ಓಡಿದರೆ ಬೇರಿಂಗುಗಳು ಒಣಗಿಯೇ ಉಜ್ಜುತ್ತವೆ.

ಪಂಪ್ ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಅಳತೆ ಮಿತಿ ಮೀರಿದ್ದರೆ, ಕವಚ ಗೀರಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಮರುಮಾತಿಲ್ಲ. ಒಮ್ಮೆ ಬೇರಿಂಗ್ ಹೋಗಿ ಲೋಹದ ಚೂರುಗಳು ಆಯಿಲಿನಲ್ಲಿ ಸುತ್ತಿದ್ದರೆ, ಜಾಲರಿ ದಾಟಿ ಬರುವ ತೀರ ಸಣ್ಣ ಚೂರುಗಳು ಫಿಲ್ಟರಿಗಿಂತ ಮೊದಲು ಪಂಪನ್ನೇ ಹಾಯುವುದರಿಂದ, ಇಂಜಿನ್ ರಿಪೇರಿಯ ಜೊತೆಗೆ ಪಂಪನ್ನೂ ಬದಲಿಸುವುದೇ ಸರಿ. ಅಂಥಲ್ಲಿ ಹಳೆಯದನ್ನು ಉಳಿಸಿಕೊಳ್ಳುವುದು ಮಿತವ್ಯಯವಾಗದು. ಇದಕ್ಕೆ ತದ್ವಿರುದ್ಧವಾಗಿ, ಬೇರಿಂಗ್ ಸವೆದ ಇಂಜಿನ್ನಿಗೆ ಹೊಸ ಪಂಪ್ ಹಾಕಿದರೆ ಒತ್ತಡ ಅಲ್ಪಸ್ವಲ್ಪ ಏರಬಹುದೇ ಹೊರತು ಸವೆದದ್ದು ತುಂಬಿಕೊಳ್ಳುವುದಿಲ್ಲ.

ದೀಪ ಉರಿದಾಗ ಓಡಿಸಿಕೊಂಡು ಬಂದದ್ದು ತಪ್ಪೆಂದು ಮೇಲೆ ಬರೆದಿದ್ದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವುದು ಆಯಿಲಿನ ತೆಳುಪದರ ಮಾತ್ರ; ಒತ್ತಡ ಹೋಗಿ ಆ ಪದರ ಹರಿದರೆ, ಏರಿನಲ್ಲಿ ಭಾರ ಹೊತ್ತ ಇಂಜಿನ್ ಕೆಲವೇ ನಿಮಿಷಗಳಲ್ಲಿ ಬೇರಿಂಗನ್ನು ತಿಂದುಹಾಕುತ್ತದೆ. ನನ್ನ ಗಾಡಿ ಉಳಿದದ್ದು ಅದೃಷ್ಟ. ಶಿರಾಡಿಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ದೀಪ ಕಂಡರೆ ಮುಂದಿನ ಊರಿನವರೆಗೆ ಹೋಗೋಣ ಎಂದುಕೊಳ್ಳದೆ, ಅಗಲವಾದ ಜಾಗ ನೋಡಿ ನಿಲ್ಲಿಸಿ ಇಂಜಿನ್ ಆರಿಸಬೇಕು. ಇಳಿಜಾರಿನಲ್ಲಿ ಚಲಿಸುತ್ತಿರುವಾಗಲೇ ಆರಿಸಬಾರದು. ಬ್ರೇಕ್ ಮತ್ತು ಸ್ಟೀರಿಂಗಿಗೆ ಇಂಜಿನ್ನಿನಿಂದ ಸಿಗುವ ನೆರವು ತಪ್ಪಿ ಇನ್ನೂ ದೊಡ್ಡ ಅನಾಹುತವಾದೀತು.

ಗ್ಯಾರೇಜಿನವರ ಕಷ್ಟವೂ ನನಗೆ ತಿಳಿಯದ್ದಲ್ಲ. ಬೆಳಿಗ್ಗೆ ಬಿಟ್ಟು ಸಂಜೆ ಬೇಕೆನ್ನುವ ನಾವು, ಅಳೆಯುವುದಕ್ಕೆ ಕೂಲಿ ಕೇಳಿದರೆ ಏನೂ ಬದಲಿಸದೆ ದುಡ್ಡೇ ಎನ್ನುತ್ತೇವೆ. ಬಿಡಿಭಾಗ ಹಾಕಿದರೆ ಮಾತ್ರ ಬಿಲ್ ಒಪ್ಪುತ್ತೇವೆ. ಅಳತೆಗೂ ಪರೀಕ್ಷೆಗೂ ಪ್ರತ್ಯೇಕ ಕೂಲಿ ಕೊಡಲು ನಾವು ಸಿದ್ಧರಾಗಬೇಕು. ಅದರ ಬದಲಿಗೆ ಕೇಳಬೇಕಾದದ್ದು ಮೂರೇ: ಕೆಲಸಕ್ಕೆ ಮೊದಲು ಮತ್ತು ನಂತರದ ಒತ್ತಡದ ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಯಲಿ, ತೆಗೆದ ಭಾಗವನ್ನು ಹಿಂದಿರುಗಿಸಲಿ, ಹಾಕಿದ ಭಾಗದ ತಯಾರಕರ ಹೆಸರನ್ನು ನಮೂದಿಸಲಿ. ನನ್ನ ಐದು ದಿನದ ರಿಪೇರಿಗೆ ಸಿಕ್ಕಿದ್ದು ಚೀಟಿಯೊಂದರ ಮೇಲೆ ಗೀಚಿದ ಒಟ್ಟು ಮೊತ್ತ ಮಾತ್ರ. ಸೇವೆಗೆ ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನಾನು ದೂರು ಕೊಡಲಿಲ್ಲ, ಕೊಡುವ ಮನಸ್ಸೂ ಈಗಿಲ್ಲ. ಆದರೆ ಹಕ್ಕು ಇದೆ ಎಂಬುದು ಓದುಗರಿಗೆ ತಿಳಿದಿರಲಿ.

ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯಿರುವ ನಮ್ಮ ಭಾಗದ ಐಟಿಐಗಳು, ಈಗಾಗಲೇ ಗ್ಯಾರೇಜುಗಳಲ್ಲಿ ದುಡಿಯುತ್ತಿರುವ ಹುಡುಗರಿಗೆ ಬಿಡುವಿನ ಭಾನುವಾರಗಳಲ್ಲಿ ಗೇಜ್ ಮತ್ತು ಫೀಲರ್ ಗೇಜ್ ಬಳಸುವ ಅಭ್ಯಾಸ ಮಾಡಿಸಿದರೆ ಒಳ್ಳೆಯದು. ಹೊಸ ಕಾರುಗಳ ಕೆಲವು ಇಂಜಿನ್ನುಗಳಲ್ಲಿ ಆಯಿಲಿನಲ್ಲೇ ಮುಳುಗಿ ಓಡುವ ಬೆಲ್ಟುಗಳು ಬಂದಿವೆ. ಅವುಗಳ ಪುಡಿ ಉದುರಿ ಜಾಲರಿ ಕಟ್ಟುವ ತೊಂದರೆಯೂ ಜೊತೆಗೇ ಬಂದಿದೆ. ಹೀಗಿರುವಾಗ ಕಿವಿಯನ್ನಷ್ಟೇ ನಂಬಿ ಪಂಪ್ ಬದಲಿಸುವುದು ಇನ್ನಷ್ಟು ದುಬಾರಿಯಾಗಲಿದೆ. ನನ್ನ ಗಾಡಿಯಿಂದ ತೆಗೆದ ಆ ಹೆಸರಿಲ್ಲದ ಪಂಪನ್ನು ಆಯಿಲ್ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ, ಸಿಲಿಕಾನ್ ಎಳೆಗಳನ್ನೂ ಒಂದು ಶೀಶೆಯಲ್ಲಿ ಹಾಕಿಟ್ಟಿದ್ದೇನೆ. ವಿದ್ಯಾರ್ಥಿಗಳಿಗೆ ಬಿಚ್ಚಿ ಅಳೆದು ನೋಡಲು ಯಾವ ಐಟಿಐಗಾದರೂ ಬೇಕಿದ್ದರೆ ಪತ್ರಿಕೆಯ ಕಚೇರಿಗೆ ತಿಳಿಸಲಿ, ತಂದು ಒಪ್ಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ತೋಟದ ರೈಟರ್
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ